ಗೋಡೆಯಾಚೆ ಕೇಳಿಸಬಾರದ ಹೊತ್ತಿನಲ್ಲಿ ಐದು ಬ್ರಿಟಿಷ್ ಆಲ್ಬಂಗಳು

ತೊಂಬತ್ತರ ದಶಕದ ಬ್ರಿಟಿಷ್ ಆಲ್ಬಂಗಳಲ್ಲಿ ನನ್ನ ಮೊದಲ ಸ್ಥಾನ ಪೋರ್ಟಿಸ್‌ಹೆಡ್ ತಂಡದ ‘ಡಮ್ಮಿ’ಗೆ. ಇದನ್ನು ಕೊನೆಯವರೆಗೆ ಬಚ್ಚಿಡುವುದಿಲ್ಲ. ಐದು ಆಲ್ಬಂಗಳನ್ನು ಒಂದು ತಿಂಗಳ ಕಾಲ ರಾತ್ರಿ ರಾತ್ರಿ ಕೇಳಿದ ಮೇಲೂ ಅದು ತನ್ನ ಜಾಗದಿಂದ ಕದಲಲಿಲ್ಲ. ಆದರೆ ಎರಡನೆಯ ಸ್ಥಾನಕ್ಕೆ ನಾನು ಎಣಿಸಿರದ ಆಲ್ಬಂ ಬಂತು. ಎಲ್ಲರೂ ಮೊದಲು ಹೆಸರಿಸುವ ಇನ್ನೊಂದು ನನ್ನ ಕಪಾಟಿನಿಂದಲೇ ಹೊರಗೆ ಹೋಯಿತು.

ನಾನು ಬ್ರಿಸ್ಟಲ್‌ನಲ್ಲಿ ಕೆಲಸ ಮಾಡುತ್ತೇನೆ. ಕಚೇರಿಯಲ್ಲಿ ಊಟದ ಹೊತ್ತಿಗೆ ಈ ವಿಷಯ ಬಂದರೆ ತಟ್ಟೆ ತಣ್ಣಗಾಗುವವರೆಗೂ ಮಾತು ಮುಗಿಯುವುದಿಲ್ಲ. ಮ್ಯಾಂಚೆಸ್ಟರಿನ ಸಹೋದ್ಯೋಗಿಗೆ ಒಯಾಸಿಸ್ ಬಿಟ್ಟರೆ ಬೇರೆ ತಂಡವಿಲ್ಲ. ಶೆಫೀಲ್ಡಿನಲ್ಲಿ ಓದಿದ ಇನ್ನೊಬ್ಬರಿಗೆ ಪಲ್ಪ್. ಇವರ ಆಯ್ಕೆಯ ಹಿಂದೆ ಹದಿಹರೆಯದ ನೆನಪುಗಳಿವೆ, ಮೊದಲ ಪ್ರೀತಿಯಿದೆ, ಊರಿನ ಅಭಿಮಾನವಿದೆ. ನಾನು ಶಿವಮೊಗ್ಗದಲ್ಲಿ ಬೆಳೆಯುತ್ತಿದ್ದಾಗ ಈ ಹಾಡುಗಳು ನಮ್ಮ ಮನೆಯ ಹೊಸಿಲು ದಾಟಿರಲಿಲ್ಲ. ನಮ್ಮಲ್ಲಿದ್ದ ಕ್ಯಾಸೆಟ್‌ಗಳೆಲ್ಲ ಭಾವಗೀತೆಗಳವು. ಹಾಗಾಗಿ ಈ ಐದರಲ್ಲಿ ಯಾವುದಕ್ಕೂ ನಾನು ಹಳೆಯ ನೆನಪಿನ ಋಣ ತೀರಿಸಬೇಕಿಲ್ಲ. ಕಿವಿ ಏನು ಹೇಳಿತೋ ಅದನ್ನೇ ಬರೆಯುತ್ತಿದ್ದೇನೆ.

ಐದು ಸಿ.ಡಿ.ಗಳನ್ನು ಒಟ್ಟಿಗೆ ಹಾಕಬಹುದಾದ ಹಳೆಯ ಸ್ಟೀರಿಯೊ ಒಂದನ್ನು 35 ಪೌಂಡಿಗೆ ಕೊಂಡೆ. ನಾಲ್ಕು ಸಿ.ಡಿ.ಗಳು ದತ್ತಿ ಸಂಸ್ಥೆಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದೊಂದು ಪೌಂಡಿಗೆ ಸಿಕ್ಕವು. ಐದನೆಯದಕ್ಕೆ ನಾಲ್ಕು ಪೌಂಡ್ ಕೊಟ್ಟೆ. ಎಲ್‌ಪಿ ಕೊಳ್ಳುವ ಯೋಚನೆಯನ್ನೇ ಮಾಡಲಿಲ್ಲ, ಐದೂ ಸಿ.ಡಿ.ಗಳಿಗೆ ಕೊಟ್ಟ ಹಣದಲ್ಲಿ ಒಂದು ಹೊಸ ಎಲ್‌ಪಿ ಬರುವುದಿಲ್ಲ. ನಾನು ಹಾಡು ಕೇಳುವುದು ರಾತ್ರಿ ಹತ್ತರ ನಂತರ. ನಮ್ಮದು ಸಾಲುಮನೆ, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಆಚೆ ಇರುವ ಹಿರಿಯ ಮಹಿಳೆ ಒಂಬತ್ತಕ್ಕೇ ಮಲಗುತ್ತಾರೆ. ಹೆಡ್‌ಫೋನ್ ಹಾಕಿದರೆ ನನಗೆ ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ. ಆದ್ದರಿಂದ ಸಣ್ಣ ದನಿಯೇ ಗತಿ.

ತೊಡಕು ಎದುರಾದದ್ದು ಮೂರನೆಯ ರಾತ್ರಿ. ‘ಡಮ್ಮಿ’ ಮುಗಿದು, ಯಂತ್ರ ತಾನಾಗಿ ಮುಂದಿನ ಸಿ.ಡಿ.ಗೆ ಹೊರಳಿತು. ಅದು ಒಯಾಸಿಸ್‌ನ ‘ವಾಟ್ಸ್ ದ ಸ್ಟೋರಿ ಮಾರ್ನಿಂಗ್ ಗ್ಲೋರಿ?’. ಮೊದಲ ಹಾಡಿನ ಆರಂಭದಲ್ಲಿ ‘ವಂಡರ್‌ವಾಲ್’ನ ಗಿಟಾರ್ ಕೆಲವು ಸೆಕೆಂಡು ಪಕ್ಕದ ಬೀದಿಯಿಂದ ತೇಲಿ ಬಂದಂತೆ ಕೇಳಿಸುತ್ತದೆ. ಸರಿಯಾಗಿ ಕೇಳಿಸಲಿಲ್ಲವೆಂದು ಗುಂಡಿಯನ್ನು ಸ್ವಲ್ಪ ತಿರುಗಿಸಿದೆ. ಮರುಕ್ಷಣವೇ ಡ್ರಮ್ಮು, ಗಿಟಾರು, ಕಂಠ ಎಲ್ಲವೂ ಒಮ್ಮೆಲೇ ಅಪ್ಪಳಿಸಿದವು. ಗೋಡೆಯಾಚೆಯಿಂದ ಮೂರು ಸಲ ತಟ್ಟಿದ ಸದ್ದು ಬಂತು. ಮರುದಿನ ಬೆಳಿಗ್ಗೆ ಹೋಗಿ ಕ್ಷಮೆ ಕೇಳಿದೆ.

ದನಿ ತಗ್ಗಿಸಿದರೆ ಸಾಕೆಂದುಕೊಂಡಿದ್ದೆ. ಸಾಲಲಿಲ್ಲ. ಮುಂದಿನ ನಾಲ್ಕು ರಾತ್ರಿ ಬೇರೆ ಬೇರೆ ಮಟ್ಟದಲ್ಲಿಟ್ಟು ಕೇಳಿದೆ, ಬೇಸ್ ಇಳಿಸಿದೆ, ಸ್ಪೀಕರ್‌ಗಳನ್ನು ಗೋಡೆಯಿಂದ ದೂರ ಸರಿಸಿದೆ. ಆಗ ಗೊತ್ತಾಯಿತು, ದೋಷ ನನ್ನ ಯಂತ್ರದ್ದಲ್ಲ, ಧ್ವನಿಮುದ್ರಣವನ್ನು ಹದಗೊಳಿಸಿದ ರೀತಿಯದು. ಸಿ.ಡಿ.ಯಲ್ಲಿ ಸದ್ದಿಗೆ ಒಂದು ಗರಿಷ್ಠ ಮಿತಿ ಇದೆ, ಅದನ್ನು ಮೀರಲಾಗದು. ಮಿತಿಯೊಳಗೇ ಹಾಡು ಹೆಚ್ಚು ಜೋರಾಗಿ ಕೇಳಿಸಬೇಕಾದರೆ ಜೋರಾದ ಸದ್ದುಗಳನ್ನು ಅದುಮಿ, ಮೆಲ್ಲನೆಯವನ್ನು ಮೇಲಕ್ಕೆ ಎಳೆಯಬೇಕು. ಓವನ್ ಮಾರಿಸ್ ನಿರ್ಮಾಣದ ಈ ಆಲ್ಬಂ ಹಾಗೆ ಅದುಮಿದ ಸದ್ದಿಗೆ ಹೆಸರಾದದ್ದು. ‘ಹೆಚ್ಚು ಜೋರು’ ಎಂಬ ಆ ಪೈಪೋಟಿ ಮುಂದಿನ ವರ್ಷಗಳಲ್ಲಿ ಸಂಗೀತೋದ್ಯಮವನ್ನೆಲ್ಲ ಹಿಡಿದುಕೊಂಡಿತು. ಆ ಮಾತು ಬಂದಾಗಲೆಲ್ಲ ಈ ಆಲ್ಬಂನ ಹೆಸರೂ ಬರುತ್ತದೆ.

ನಮ್ಮ ಕಡೆಯ ಜಾತ್ರೆಯಲ್ಲಿ ಡೊಳ್ಳು ಕೇಳಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಡೊಳ್ಳು ಕೇರಿಯ ತುದಿಯಲ್ಲಿ ಸಣ್ಣಗೆ ಶುರುವಾಗಿ ಒಂದೊಂದೇ ಮನೆ ದಾಟಿ ನಮ್ಮ ಕಡೆ ಬರುತ್ತಿರುವಾಗಲೇ ಎದೆ ನಡುಗಲು ತೊಡಗುತ್ತದೆ. ಮೊದಲ ಪೆಟ್ಟಿನಿಂದಲೇ ಕಿವಿಯ ಪಕ್ಕ ಬಾರಿಸಿದರೆ ಆ ನಡುಕ ಇರುವುದಿಲ್ಲ, ಸದ್ದು ಮಾತ್ರ ಇರುತ್ತದೆ. ಕೊನೆಯ ಹಾಡು ‘ಶಾಂಪೇನ್ ಸೂಪರ್‌ನೋವಾ’ ನೀರಿನ ಸದ್ದಿನಿಂದ ಆರಂಭವಾಗಿ ಏಳು ನಿಮಿಷಕ್ಕೂ ಹೆಚ್ಚು ಹೊತ್ತು ಉಬ್ಬುತ್ತ ಹೋಗಬೇಕಾದ ಹಾಡು. ನನ್ನ ಕೋಣೆಯಲ್ಲಿ ಅದು ಬೇಗನೆ ಉಬ್ಬಿ ಅಲ್ಲೇ ನಿಂತುಬಿಟ್ಟಿತು. ದನಿ ತಗ್ಗಿಸಿದಾಗ ಮುಚ್ಚಿದ ಬಾಗಿಲಿನ ಹಿಂದೆ ಗುಂಪೊಂದು ಕೂಗುತ್ತಿರುವಂತೆ ಕೇಳಿಸಿತು.

ಆದರೂ ಈ ಆಲ್ಬಂ ಕೆಟ್ಟದೆಂದು ನಾನು ಹೇಳಲಾರೆ. ಒಂದು ಶನಿವಾರ ಮ್ಯಾಂಚೆಸ್ಟರಿನ ಸಹೋದ್ಯೋಗಿ ತಮ್ಮ ಕಾರಿನಲ್ಲಿ ಇದನ್ನೇ ಹಾಕಿದರು. ಎಂ5 ಹೆದ್ದಾರಿ, ಮಳೆ, ಇಂಜಿನ್ನಿನ ಮೊರೆತ. ಅಲ್ಲಿ ಒಂದು ಅಕ್ಷರವೂ ತಪ್ಪದೆ ಕೇಳಿಸಿತು. ಗದ್ದಲದ ನಡುವೆ ನೂರು ಜನ ಒಟ್ಟಿಗೆ ಹಾಡಲೆಂದೇ ಮಾಡಿದ ಸಂಗೀತ ಅದು. 2017ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬಾಂಬ್ ದಾಳಿಯಲ್ಲಿ ಸತ್ತವರಿಗಾಗಿ ಸೇಂಟ್ ಆನ್ಸ್ ಚೌಕದಲ್ಲಿ ಜನ ಮೌನ ಆಚರಿಸಿದಾಗ, ಮೌನ ಮುಗಿಯುತ್ತಲೇ ಒಬ್ಬ ಮಹಿಳೆ ‘ಡೋಂಟ್ ಲುಕ್ ಬ್ಯಾಕ್ ಇನ್ ಆ್ಯಂಗರ್’ ಹಾಡಲಾರಂಭಿಸಿದರು, ಸೇರಿದವರೆಲ್ಲ ದನಿಗೂಡಿಸಿದರು. ‘ಡಮ್ಮಿ’ಯ ಯಾವ ಹಾಡಿಗೂ ಆ ಶಕ್ತಿ ಇಲ್ಲವೆಂದು ಒಪ್ಪುತ್ತೇನೆ. ನನ್ನ ಅಭ್ಯಾಸಕ್ಕೆ ಅದು ಒಗ್ಗುವುದಿಲ್ಲ, ಅಷ್ಟೇ.

‘ಡಮ್ಮಿ’ಯ ಕತೆ ಇದಕ್ಕೆ ತೀರ ಬೇರೆ. 1994ರ ಆಗಸ್ಟ್‌ನಲ್ಲಿ ಬಂದ, 11 ಹಾಡುಗಳ, ಸುಮಾರು 49 ನಿಮಿಷದ ಆಲ್ಬಂ. ತಂಡದ ಜೆಫ್ ಬ್ಯಾರೋ ಮತ್ತು ಸಂಗಡಿಗರು ತಾವೇ ನುಡಿಸಿದ ತುಣುಕುಗಳನ್ನು ಎಲ್‌ಪಿ ತಟ್ಟೆಗೆ ಅಚ್ಚು ಹಾಕಿಸಿ, ಆ ತಟ್ಟೆಗಳನ್ನು ನೆಲದ ಮೇಲೆ ಹಾಕಿ, ತುಳಿದು ಸವೆಸಿ, ಆಮೇಲೆ ಅವುಗಳಿಂದ ಸದ್ದನ್ನು ಎತ್ತಿಕೊಂಡರು. ಸಣ್ಣ ದನಿಯಲ್ಲಿ ಕೇಳುವಾಗ ಆ ಗೀರುಗಳ ಚಟಪಟ ಹೆಂಚಿನ ಮೇಲೆ ಬೀಳುವ ಹನಿಗಳಂತೆ ಹತ್ತಿರದಲ್ಲೇ ಇರುತ್ತದೆ. ಅದರ ಮೇಲೆ ಬೆತ್ ಗಿಬ್ಬನ್ಸ್ ಅವರ ಕಂಠ. ಅವರು ಕೂಗುವುದಿಲ್ಲ. ಕೆಲವು ಕಡೆ ಪದದ ಕೊನೆಯಲ್ಲಿ ಉಸಿರು ಕಡಿದುಹೋಗುವುದೂ ಕೇಳಿಸುತ್ತದೆ, ಗುಂಡಿ ಅತಿ ಕೆಳಗಿನ ಗೆರೆಯಲ್ಲಿದ್ದರೂ. ಕೊನೆಯ ಹಾಡು ‘ಗ್ಲೋರಿ ಬಾಕ್ಸ್’ನಲ್ಲಿ ಏಡ್ರಿಯನ್ ಅಟ್ಲಿ ಅವರ ಗಿಟಾರ್ ಎದ್ದಾಗ, ಅದು ಎದ್ದಿತೆಂದು ಗೊತ್ತಾಗುತ್ತದೆ, ಏಕೆಂದರೆ ಅಲ್ಲಿಯವರೆಗೆ ಅದಕ್ಕಾಗಿ ಜಾಗ ಉಳಿಸಿಟ್ಟಿದ್ದಾರೆ. ಆ ಹಾಡಿಗೆ ಆಧಾರವಾಗಿ ಸುತ್ತುವ ಅಮೆರಿಕದ ಗಾಯಕ ಐಸಾಕ್ ಹೇಯ್ಸ್‌ನ ತುಣುಕನ್ನೇ ಬ್ರಿಸ್ಟಲ್‌ನ ಸಂಗೀತಗಾರ ಟ್ರಿಕಿ ಕೂಡ ತನ್ನ 1995ರ ಆಲ್ಬಂ ‘ಮ್ಯಾಕ್ಸಿನ್‌ಕೇ’ಯಲ್ಲಿ ಬಳಸಿದ, ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಒಂದೇ ಹಿಟ್ಟಿನಲ್ಲಿ ಎಷ್ಟು ಬೇರೆ ಅಡುಗೆ ಸಾಧ್ಯ ಎಂಬುದು ತಿಳಿಯುತ್ತದೆ. ವರ್ಷದ ಒಳ್ಳೆಯ ಆಲ್ಬಂಗೆ ಇಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ 1995ರಲ್ಲಿ ‘ಡಮ್ಮಿ’ಗೆ ಬಂದಾಗ ಅಂತಿಮ ಪಟ್ಟಿಯಲ್ಲಿ ‘ಮ್ಯಾಕ್ಸಿನ್‌ಕೇ’ಯೂ ಇತ್ತು, ಒಯಾಸಿಸ್‌ನ ಮೊದಲ ಆಲ್ಬಂ ಕೂಡ ಇತ್ತು.

ತಂಡಕ್ಕೆ ಹೆಸರು ಕೊಟ್ಟ ಪೋರ್ಟಿಸ್‌ಹೆಡ್ ಪಟ್ಟಣ ನಮ್ಮಲ್ಲಿಂದ ಬಸ್ಸಿನ ದೂರ. ಬ್ಯಾರೋ ಬೆಳೆದದ್ದು ಅಲ್ಲಿ. ಒಂದು ಭಾನುವಾರ ಹೋಗಿ ಬಂದೆ. ಕೆಸರುಬಣ್ಣದ ನೀರು, ತಗ್ಗಿದ ಬೂದು ಆಕಾಶ. ಈ ಹಾಡುಗಳ ನಿಧಾನ ಎಲ್ಲಿಂದ ಬಂದಿರಬಹುದೆಂದು ಅಲ್ಲಿ ನಿಂತಾಗ ಅನ್ನಿಸಿತು.

ಎರಡನೆಯ ಸ್ಥಾನ ಪಲ್ಪ್‌ನ ‘ಡಿಫರೆಂಟ್ ಕ್ಲಾಸ್’ಗೆ. ಇದೂ ಒಯಾಸಿಸ್‌ನ ಆಲ್ಬಂ ಬಂದ ತಿಂಗಳಲ್ಲೇ, 1995ರ ಅಕ್ಟೋಬರ್‌ನಲ್ಲಿ, ಬಂತು. ಹಾಡು ಕೇಳುತ್ತಿರುವಾಗ ಸಾಹಿತ್ಯ ಓದಬೇಡಿ ಎಂದು ಇದರ ಪುಸ್ತಿಕೆಯಲ್ಲಿ ಕೋರಿಕೆ ಇದೆ. ಇಂಗ್ಲೆಂಡಿನ ಉಚ್ಚಾರಣೆ ಇನ್ನೂ ಪೂರ್ತಿ ಕಿವಿಗೆ ಕೂರದ ನನ್ನಂಥವಳಿಗೆ ಅದು ಕಷ್ಟದ ಕೋರಿಕೆ. ಹಾಗಾಗಿ ಸಂಜೆ ಚಹಾದ ಜೊತೆ ಪುಸ್ತಿಕೆಯನ್ನು ಮಾತ್ರ ಓದಿದೆ, ರಾತ್ರಿ ಹಾಡು ಮಾತ್ರ ಕೇಳಿದೆ. ಒಳ್ಳೆಯದೇ ಆಯಿತು. ‘ಕಾಮನ್ ಪೀಪಲ್’ನಲ್ಲಿ ಉಳ್ಳವರ ಮನೆಯ ಹುಡುಗಿಯೊಬ್ಬಳು ಬಡವರಂತೆ ಬದುಕಿ ನೋಡಬೇಕೆಂದು ಆಸೆಪಡುತ್ತಾಳೆ, ತಂಡದ ಗಾಯಕ ಜಾರ್ವಿಸ್ ಕಾಕರ್ ಮೊದಲು ನಗುತ್ತ, ಬರಬರುತ್ತ ಸಿಟ್ಟಿನಿಂದ ಅವಳಿಗೆ ಉತ್ತರಿಸುತ್ತಾರೆ. ಬಡತನದಿಂದ ಬೇಕೆಂದಾಗ ಎದ್ದು ಹೋಗಬಲ್ಲವರಿಗೆ ಅದು ಅರ್ಥವಾಗದು ಎಂಬ ಮಾತನ್ನು ಕುಣಿಯುವ ಹಾಡಿನಲ್ಲಿ ಕೂರಿಸಿದ್ದಾರೆ. 1978ರಲ್ಲಿ ಶೆಫೀಲ್ಡಿನಲ್ಲಿ ಕಟ್ಟಿದ ತಂಡ ಇಂಥ ಗೆಲುವಿಗಾಗಿ ಹದಿನೇಳು ವರ್ಷ ಕಾದಿತ್ತು. 1996ರ ಮರ್ಕ್ಯುರಿ ಪ್ರಶಸ್ತಿ ಸಿಕ್ಕಿದ್ದು ಇದಕ್ಕೇ. ನನಗೆ ಇದು ಮೊದಲನೆಯದಾಗದಿರಲು ಒಂದೇ ಕಾರಣ: ಮಲಗುವ ಮುಂಚೆ ಕೇಳಿದರೆ ನಿದ್ದೆ ಹಾರಿಹೋಗುತ್ತದೆ.

ರೇಡಿಯೊಹೆಡ್‌ನ ‘ಓಕೆ ಕಂಪ್ಯೂಟರ್’ (1997) ಮೂರನೆಯದು. ನಾಲ್ಕು ಪೌಂಡ್ ಕೊಟ್ಟದ್ದು ಇದಕ್ಕೆ. ಇದರ ಬಹುಭಾಗವನ್ನು ಧ್ವನಿಮುದ್ರಿಸಿದ್ದು ಇಲ್ಲಿಗೆ ಹತ್ತಿರದ ಬಾತ್ ನಗರದ ಬಳಿಯಿರುವ ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಎಂಬ ಹಳೆಯ ಬಂಗಲೆಯಲ್ಲಿ. ಒಂದು ಹಾಡಿಗೆ ಟಾಮ್ ಯಾರ್ಕ್ ಆ ಮನೆಯ ಕಲ್ಲಿನ ಮೆಟ್ಟಿಲುಗಳ ಮೇಲೆ ಹಾಡಿದರಂತೆ. ಆ ಕಲ್ಲಿನ ತಂಪು ಕಂಠದಲ್ಲೇ ಇದೆ. ಆದರೆ ಹಗಲೆಲ್ಲ ಕಂಪ್ಯೂಟರ್ ಮುಂದೆ ಕುಳಿತು ಬಂದವಳಿಗೆ, ನಡುವೆ ಬರುವ ಕಂಪ್ಯೂಟರ್ ಧ್ವನಿಯಲ್ಲಿ ಓದಿಸಿದ ಆ ಒಂದು ತುಣುಕನ್ನು ಕೇಳುವ ತಾಳ್ಮೆ ಉಳಿದಿರುವುದಿಲ್ಲ. ಅಲ್ಲಿ ಬಂದಾಗಲೆಲ್ಲ ಮುಂದಕ್ಕೆ ಹಾರಿಸುತ್ತೇನೆ.

ಮ್ಯಾಸಿವ್ ಅಟ್ಯಾಕ್‌ನ ‘ಬ್ಲೂ ಲೈನ್ಸ್’ (1991) ನಾಲ್ಕನೆಯದು: ಒಂಬತ್ತು ಹಾಡು, 45 ನಿಮಿಷ, ಸಣ್ಣ ದನಿಗೂ ಒಗ್ಗುತ್ತದೆ. ಶಾರಾ ನೆಲ್ಸನ್ ಹಾಡಿದ ‘ಅನ್‌ಫಿನಿಶ್ಡ್ ಸಿಂಪಥಿ’ ಒಂದೇ ಹಾಡನ್ನು ತೂಗುವುದಾದರೆ ಐದೂ ಆಲ್ಬಂಗಳಲ್ಲಿ ಅದೇ ಮೇಲು. ಉಳಿದ ಕೆಲವು ಹಾಡುಗಳು ಆ ಎತ್ತರದಲ್ಲಿಲ್ಲ. ಇದರ ಕೆಲಸ ಬ್ರಿಸ್ಟಲ್‌ನ ಕೋಚ್ ಹೌಸ್ ಸ್ಟುಡಿಯೊದಲ್ಲಿ ನಡೆಯುತ್ತಿದ್ದಾಗ ಅಲ್ಲಿ ಟೇಪ್ ನೋಡಿಕೊಳ್ಳುತ್ತಿದ್ದ ಹುಡುಗನೇ ಮುಂದೆ ‘ಡಮ್ಮಿ’ ಮಾಡಿದ ಜೆಫ್ ಬ್ಯಾರೋ.

ದ ವರ್ವ್ ತಂಡದ ‘ಅರ್ಬನ್ ಹಿಮ್ಸ್’ ಅನ್ನು ಐದರೊಳಗೆ ಸೇರಿಸಲಿಲ್ಲ. ಕೊನೆಯ ಹಾಡಿನ ನಂತರ ಬಹಳ ಹೊತ್ತು ಮೌನವಿದ್ದು, ಮತ್ತೆ ಅಡಗಿಸಿಟ್ಟ ಹಾಡೊಂದು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನನಗೆ ಕಣ್ಣು ಹತ್ತಿರುತ್ತದೆ.

ಎರಡೇ ಪೌಂಡ್ ಇದ್ದು, ರಾತ್ರಿ ಕೇಳುವವರಾದರೆ ‘ಡಮ್ಮಿ’ಯನ್ನೂ ‘ಡಿಫರೆಂಟ್ ಕ್ಲಾಸ್’ ಅನ್ನೂ ಕೊಳ್ಳಿ. ಕಾರಿದ್ದು, ದಿನಾ ಹೆದ್ದಾರಿ ಹಿಡಿಯುವವರಾದರೆ ಒಯಾಸಿಸ್ ಕೊಳ್ಳಿ. ನನ್ನ ಬಳಿ ಕಾರಿಲ್ಲ. ಆ ಸಿ.ಡಿ.ಯನ್ನು ಮ್ಯಾಂಚೆಸ್ಟರಿನ ಸಹೋದ್ಯೋಗಿಗೆ ಕೊಟ್ಟೆ. ಅವರದು ಗೀರು ಬಿದ್ದು ಎಂಟನೆಯ ಹಾಡಿನಲ್ಲಿ ನಿಲ್ಲುತ್ತಿತ್ತು. ಸ್ಟೀರಿಯೊದಲ್ಲಿ ಖಾಲಿಯಾದ ಐದನೆಯ ಜಾಗದಲ್ಲಿ ಈಗ ‘ಮ್ಯಾಕ್ಸಿನ್‌ಕೇ’ ಇದೆ.