ಸ್ಕೋಪ್ ಮೌಂಟ್: ನೇರದ್ದೋ, ಇಳಿಜಾರಿನದ್ದೋ?

ಶಿರಸಿ ಕಡೆ ಏರ್ ರೈಫಲ್‌ನಲ್ಲಿ ಗುರಿ ಅಭ್ಯಾಸ ಮಾಡುವವರು ಸ್ಕೋಪ್ (ಗುರಿ ನೋಡುವ ದುರ್ಬೀನು) ಆರಿಸಲು ತಲೆ ಕೆಡಿಸಿಕೊಳ್ಳುತ್ತಾರೆ, ಅದನ್ನು ರೈಫಲಿಗೆ ಕೂರಿಸುವ ಮೌಂಟ್ ಮಾತ್ರ ಸಿಕ್ಕಿದ್ದನ್ನು ತರುತ್ತಾರೆ. ಅದು ಸರಿಯಲ್ಲ.

ನೇರ ಮೌಂಟ್‌ನಲ್ಲಿ ಸ್ಕೋಪ್ ರೈಲಿಗೆ, ಅಂದರೆ ರೈಫಲಿನ ಮೇಲೆ ಮೌಂಟ್ ಕೂರುವ ಪಟ್ಟಿಗೆ, ಸಮವಾಗಿ ಕೂರುತ್ತದೆ. ಇಳಿಜಾರಿನದರಲ್ಲಿ ಹಿಂಭಾಗ ತುಸು ಎತ್ತರ, ಸ್ಕೋಪಿನ ಮೂತಿ ತಗ್ಗಿರುತ್ತದೆ. ಗುರಿ ನೋಡುವಾಗ ನಳಿಗೆ ಅಷ್ಟು ಮೇಲೇಳುತ್ತದೆ.

ಸ್ಕೋಪಿನ ಒಟ್ಟು ಎಲಿವೇಶನ್, ಅಂದರೆ ನಾಬ್ ತಿರುಗಿಸಿ ಮೇಲೆ-ಕೆಳಗೆ ಹೊಂದಿಸಬಹುದಾದ ವ್ಯಾಪ್ತಿ, 60 ಎಂಓಎ ಅಂದುಕೊಳ್ಳಿ. ಎಂಓಎ ಕೋನದ ಅಳತೆ; 1 ಎಂಓಎ ಅಂದರೆ 100 ಮೀಟರಿಗೆ ಸುಮಾರು 2.9 ಸೆಂ.ಮೀ. ನೇರ ಮೌಂಟ್‌ನಲ್ಲಿ ಮೇಲಕ್ಕೆ 30, ಕೆಳಕ್ಕೆ 30. 20 ಎಂಓಎ ಮೌಂಟ್ ಹಾಕಿದರೆ ಮೇಲಕ್ಕೆ 50, ಕೆಳಕ್ಕೆ 10. ಒಟ್ಟು ಜಾಸ್ತಿ ಆಗಲಿಲ್ಲ, ಹಂಚಿಕೆ ಬದಲಾಯಿತು ಅಷ್ಟೇ. 1 ಎಂಓಎ ಅಂದರೆ 100 ಮೀಟರಿಗೆ ಸುಮಾರು 2.9 ಸೆಂ.ಮೀ. ದೂರದ ಗುರಿಗೆ ಇದು ವರ. ಒಟ್ಟು 30 ಮಾತ್ರ ಇರುವ ಸ್ಕೋಪಿಗೆ ಹಾಕಿದರೆ ಹತ್ತಿರದ ಝೀರೋ (ನೋಡಿದಲ್ಲೇ ಪೆಟ್ಟು ಬೀಳುವಂತೆ ಹೊಂದಿಸುವುದು) ಸಿಗುವುದೇ ಕಷ್ಟ.

ನಳಿಗೆ ಮಡಚುವ ರೈಫಲ್‌ ಇದ್ದವರು ಇದನ್ನು ಗಮನಿಸಿ. ಎಷ್ಟೋ ರೈಫಲ್‌ಗಳಲ್ಲಿ ನಳಿಗೆ ರೈಲಿಗಿಂತ ಸ್ವಲ್ಪ ಕೆಳಮುಖವಾಗಿರುತ್ತದೆ. ಪೆಲೆಟ್ (ಏರ್ ರೈಫಲಿನ ಗುಂಡು) ಕೆಳಗೇ ಬೀಳುತ್ತದೆ, ನೀವು ನಾಬ್ ತಿರುಗಿಸುತ್ತಾ ಹೋಗುತ್ತೀರಿ. ಮೇಲಿನ ಕೊನೆ ಹತ್ತಿರ ಬಂದಾಗ ಒಳಗಿನ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ. ಆಮೇಲೆ ಪೆಲೆಟ್ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಎಷ್ಟೋ ಜನ ಸುಮ್ನೆ ಸ್ಕೋಪನ್ನೇ ಬೈಯುತ್ತಾರೆ! ಇಂಥವರಿಗೆ ಇಳಿಜಾರು ಮೌಂಟೇ ಸರಿ. ಹಿಂದಿನ ರಿಂಗ್‌ ಕೆಳಗೆ ತಗಡಿನ ತುಂಡು ಇಡುವುದು ಬೇಡ, ಟ್ಯೂಬ್ ಬಾಗುತ್ತದೆ.

ನಾಬ್ ಮಧ್ಯದಲ್ಲೇ ಝೀರೋ ಆಗುತ್ತಿದ್ದರೆ, ಹೊಡೆಯುವುದು ಹತ್ತಿರಕ್ಕೇ ಆಗಿದ್ದರೆ, ನೇರ ಮೌಂಟ್ ಸಾಕು. ಕಾರವಾರದ ಉಪ್ಪುಗಾಳಿಯಲ್ಲಿ ಇರುವವರು ಯಾವುದು ಕೊಂಡರೂ ಸ್ಕ್ರೂಗೆ ಆಗಾಗ ಎಣ್ಣೆ ಒರೆಸಿ.