ಕೊಳೆ ಕೀಬೋರ್ಡ್: ಊದೋದಾ, ಅಂಟಿಸಿ ಎತ್ತೋದಾ, ತೊಳೆಯೋದಾ?

ವಿಜಯಪುರದಲ್ಲಿ ಬೇಸಿಗೆ ಹೊತ್ತು ಕಿಟಕಿ ತೆರೆದು ಕೂತರೆ ಕೀಬೋರ್ಡ್‌ಗೆ ಎರಡು ಥರದ ಕೊಳೆ: ಎರಿಮಣ್ಣಿನ ಸಣ್ಣ ಧೂಳು, ಚಹಾ ಮತ್ತು ಶೇಂಗಾ ಹಿಂಡಿಯ ಜಿಡ್ಡು. ನಿಮ್ಮದು ಯಾವುದು ಅಂತ ಮೊದಲು ನೋಡಿ.

ಒಣ ಧೂಳಿಗೆ ಸೈಕಲ್ ಪಂಪು ಸಾಕು, ಕೀಬೋರ್ಡನ್ನು ಓರೆ ಹಿಡಿದು ಊದಿ. ಬಾಯಿಂದ ಊದಿದರೆ ಉಗುಳೂ ಒಳಗೆ ಹೋಗುತ್ತದೆ. ಸ್ಲೈಮ್‌ನಂಥ ಜೆಲ್ ಮೇಲಿನ ಧೂಳನ್ನು ಚೆನ್ನಾಗಿ ಎತ್ತುತ್ತದೆ, ಆದರೆ ಸೆಖೆಗೆ ಮೆತ್ತಗಾಗಿ ಸಂದಿಯಲ್ಲೇ ಉಳಿಯಬಹುದು. ಏಪ್ರಿಲ್‌ನಲ್ಲಂತೂ ನನ್ನ ಓಟು ಪಂಪಿಗೆ.

ಜಿಡ್ಡಿಗೆ ಇವೆರಡೂ ನಡೆಯುವುದಿಲ್ಲ. ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಲಿಗೂ ಬೇರೆ ಸ್ವಿಚ್ ಇರುವಂಥದ್ದು) ಆದರೆ ಕೀಲಿಗಳ ಜಾಗ ಗೊತ್ತಿರಲೆಂದು ಒಂದು ಫೋಟೊ ತೆಗೆದು, ಮೇಲಿನ ಟೊಪ್ಪಿಗೆಗಳನ್ನು ಬಿಚ್ಚಿ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಹಾಕಿ. ಅಂಚಿಗೆ ಕೂತ ಕಂದು ಗೆರೆ ಹಳೆ ಟೂತ್‌ಬ್ರಷ್‌ನಿಂದ ಬಿಟ್ಟುಬರುತ್ತದೆ. ಉಳಿದ ಭಾಗಕ್ಕೆ ಹತ್ತಿಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್. 70 ಪ್ರತಿಶತದ್ದೂ ನಡೆಯುತ್ತದೆ; 99ರದ್ದರಲ್ಲಿ ನೀರು ಕಡಿಮೆ, ಬೇಗ ಆರುತ್ತದೆ. ನೇಲ್ ಪಾಲಿಶ್ ರಿಮೂವರ್ ಮಾತ್ರ ಬೇಡ, ಅದರಲ್ಲಿ ಅಸಿಟೋನ್ ಇದ್ದರೆ ಕೀಲಿಗಳಿಗೆ ಬಳಸುವ ಎಬಿಎಸ್ ಪ್ಲಾಸ್ಟಿಕ್ ಕರಗುತ್ತದೆ.

ಇಡೀ ಕೀಬೋರ್ಡನ್ನೇ ನಲ್ಲಿಗೆ ಹಿಡಿಯುವವರೂ ಇದ್ದಾರೆ. ಬೋರ್‌ವೆಲ್‌ನ ಗಡಸು ನೀರು ಆರಿದ ಮೇಲೆ ಬಿಳಿ ಪದರ ಬಿಡುತ್ತದೆ, ಒಳಗಿನ ಲೋಹಕ್ಕೆ ತುಕ್ಕು ಹಿಡಿಯಬಹುದು. ಹೋದರೂ ಪರವಾಗಿಲ್ಲ ಅನ್ನುವಷ್ಟು ಅಗ್ಗದ್ದಾದರೆ ಮಾಡಿ ನೋಡಿ. ಲ್ಯಾಪ್‌ಟಾಪ್‌ಗೆ ನೀರಿನ ಮಾತೇ ಬೇಡ, ಕೀಲಿಗಳ ಕೆಳಗೇ ಮದರ್‌ಬೋರ್ಡ್ ಇರುತ್ತದೆ.