ಡೇಕೇರ್‌ನ ಮೊದಲ ವರ್ಷದ ಕಾಯಿಲೆ ಡಬ್ಬಿ: ಯಾವುದು ಕೆಲಸಕ್ಕೆ ಬರುತ್ತೆ, ಯಾವುದು ದುಡ್ಡು ದಂಡ

ಮಗುವನ್ನು ಡೇಕೇರ್‌ಗೆ ಸೇರಿಸಿದ ಎರಡನೇ ವಾರಕ್ಕೇ ಮೂಗು ಸೋರಲು ಶುರುವಾಗುತ್ತದೆ. ಅದು ಆರಿತು ಅನ್ನುವಷ್ಟರಲ್ಲಿ ಇನ್ನೊಂದು ನೆಗಡಿ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ನೆಗಡಿ ಮಾಮೂಲು. ಡೇಕೇರ್‌ನ ಮೊದಲ ವರ್ಷದಲ್ಲಿ ಅದು 10–12 ಆದರೂ ವೈದ್ಯರು ಹುಬ್ಬೇರಿಸುವುದಿಲ್ಲ. ಒಂದೊಂದೂ 7ರಿಂದ 10 ದಿನ, ಬಾಲದಂತೆ ಉಳಿಯುವ ಕೆಮ್ಮು ಎರಡು-ಮೂರು ವಾರ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಮಿಕ್ಕವು ಸುಮ್ಮನಿರುತ್ತವೆ ಎಂದೇನಿಲ್ಲ. ಪದೇಪದೇ ಹುಷಾರು ತಪ್ಪಿದ ಮಾತ್ರಕ್ಕೆ ಮಗುವಿನ ರೋಗನಿರೋಧಕ ಶಕ್ತಿ ಕೆಟ್ಟಿದೆ ಎಂದು ಅರ್ಥವಲ್ಲ.

ಆದರೆ ಈ ಗಾಬರಿಯನ್ನೇ ನಂಬಿಕೊಂಡು ದೊಡ್ಡದೊಂದು ವ್ಯಾಪಾರ ನಡೆಯುತ್ತದೆ. ಮೂಗು ಹೀರುವ ಯಂತ್ರ, ಹಣೆಗೆ ಹಿಡಿಯುವ ಥರ್ಮಾಮೀಟರ್, ಹಬೆ ಯಂತ್ರ, ಶಕ್ತಿವರ್ಧಕ ಸಿರಪ್, ಮುಲಾಮು. ಇವುಗಳಲ್ಲಿ ಯಾವುದೂ ನೆಗಡಿಯನ್ನು ಒಂದು ದಿನ ಮೊದಲೇ ಮುಗಿಸುವುದಿಲ್ಲ. ಹಾಗಾಗಿ ಇಲ್ಲಿ ಒರೆಗೆ ಹಚ್ಚಿರುವುದು ಎರಡೇ ಪ್ರಶ್ನೆಗಳಿಂದ: ಇದರಿಂದ ಮಗು ಹಾಲು ಕುಡಿದು ನಿದ್ದೆ ಮಾಡಲು ಅನುಕೂಲವಾಗುತ್ತದೆಯೇ? ಇಲ್ಲವೇ, ಡಾಕ್ಟರ ಬಳಿ ಓಡಬೇಕೋ ಬೇಡವೋ ಎಂದು ತೀರ್ಮಾನಿಸಲು ನೆರವಾಗುತ್ತದೆಯೇ? ಎರಡಕ್ಕೂ ಇಲ್ಲ ಎಂದಾದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮೂಗು

ಮೊದಲ ಸ್ಥಾನ ಸಲೈನ್, ಅಂದರೆ ಉಪ್ಪುನೀರಿನ ಹನಿಗಳಿಗೆ. ಎರಡನೆಯದಕ್ಕೂ ಇದಕ್ಕೂ ಬಹಳ ದೂರ. ಎದೆಹಾಲು ಅಥವಾ ಬಾಟಲಿ ಕುಡಿಯುವ ಕೂಸು ಕುಡಿಯುವಾಗ ಮೂಗಿನಲ್ಲೇ ಉಸಿರಾಡಬೇಕು. ಮೂಗು ಕಟ್ಟಿದರೆ ಎರಡು ಗುಟುಕಿಗೊಮ್ಮೆ ಬಿಟ್ಟು ಅಳುತ್ತದೆ. ಹಾಲು ಕುಡಿಸುವ ಮುಂಚೆ, ಮಲಗಿಸುವ ಮುಂಚೆ, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಒಂದೊಂದು ಹೊಳ್ಳೆಗೆ 2–3 ಹನಿ ಬಿಟ್ಟು ಒಂದು ನಿಮಿಷ ತಡೆಯಿರಿ. ಗಟ್ಟಿ ಸಿಂಬಳ ಸಡಿಲವಾಗುತ್ತದೆ. ಎಷ್ಟೋ ಸಲ ಒಂದು ಸೀನು ಬಂದು ಕೆಲಸ ಅಲ್ಲಿಗೇ ಮುಗಿಯುತ್ತದೆ, ಹೀರುವ ಪ್ರಮೇಯವೇ ಬರುವುದಿಲ್ಲ.

ಕೊಳ್ಳುವಾಗ ಬಾಟಲಿಯ ಸಣ್ಣ ಅಕ್ಷರಗಳನ್ನು ಓದಿ. ಸೋಡಿಯಂ ಕ್ಲೋರೈಡ್ 0.9% ಅಥವಾ 0.65% ಎಂದಷ್ಟೇ ಇರಬೇಕು. ಅದೇ ಗಾತ್ರ, ಅದೇ ಆಕಾರದ ಬಾಟಲಿಯಲ್ಲಿ ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಹನಿಗಳೂ ಬರುತ್ತವೆ. ಅವು ಉಪ್ಪುನೀರಲ್ಲ, ಮೂಗಿನ ರಕ್ತನಾಳಗಳನ್ನು ಕುಗ್ಗಿಸುವ ಔಷಧಿ. ಕೆಲವು ದಿನ ಬಿಡದೆ ಹಾಕಿದರೆ ಬಿಟ್ಟ ಮೇಲೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಪುಟ್ಟ ಮಕ್ಕಳಿಗೆ ಪ್ರಮಾಣ ಮೀರಿದರೆ ಮಂಪರು ಕವಿದು ಎದೆಬಡಿತವೂ ನಿಧಾನವಾಗಬಹುದು. ಒಂದು ಬಾಟಲಿ ಒಂದು ಮಗುವಿಗೆ ಮಾತ್ರ. ತುದಿ ಮೂಗಿಗೆ ತಾಗಿದರೆ ಒರೆಸಿ ಮುಚ್ಚಿ, ಮುಚ್ಚಳ ತೆಗೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡಿ. ಸುಮಾರು ಒಂದು ತಿಂಗಳಾದ ಮೇಲೆ ಎಸೆಯಿರಿ. ನಲ್ಲಿ ನೀರಿಗೆ ಉಪ್ಪು ಕಲಸಿ ಮನೆಯಲ್ಲೇ ಮಾಡಿಕೊಳ್ಳುವ ಉಳಿತಾಯ ಬೇಡ.

ಹೀರುವ ಸಾಧನಗಳಲ್ಲಿ ಮೂರು ಬಗೆ. ರಬ್ಬರ್ ಬುರುಡೆಯದು ಅಗ್ಗ, ಎಲ್ಲ ಕಡೆ ಸಿಗುತ್ತದೆ. ಹೊರಗೇ ಒತ್ತಿ ಗಾಳಿ ತೆಗೆದು, ಹೊಳ್ಳೆಗೆ ಇಟ್ಟು, ಆಮೇಲೆ ನಿಧಾನವಾಗಿ ಬಿಡಬೇಕು. ಮೂಗಿಗೆ ಇಟ್ಟ ಮೇಲೆ ಒತ್ತಿದರೆ ಸಿಂಬಳವನ್ನು ಒಳಕ್ಕೇ ಊದಿದಂತೆ. ಇದರ ದೊಡ್ಡ ದೋಷ ಒಳಗಿನದು. ಸಿಂಬಳ, ನೀರು ಒಳಗೆ ಹೋದವು ಪೂರ್ತಿ ಹೊರಗೆ ಬರುವುದಿಲ್ಲ, ಒಣಗುವುದೂ ಇಲ್ಲ. ತಿಂಗಳುಗಟ್ಟಲೆ ಬಳಸಿದ ಬುರುಡೆಯನ್ನು ಕತ್ತರಿಯಿಂದ ಸೀಳಿದರೆ ಒಳಗೋಡೆಯಲ್ಲಿ ಕಪ್ಪು ಬೂಷ್ಟು ಕಾಣಿಸಿದರೆ ಅಚ್ಚರಿಯಿಲ್ಲ. ಬಿಚ್ಚಿ ಎರಡು ಭಾಗ ಮಾಡಿ ತೊಳೆಯಲು ಬರುವಂಥದ್ದು ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ನಮ್ಮ ಓಟು ಬಾಯಿಂದ ಹೀರುವ ಕೊಳವೆಗೆ. ಒಂದು ತುದಿ ಮಗುವಿನ ಹೊಳ್ಳೆಯ ಬಾಯಿಗೆ, ಇನ್ನೊಂದು ದೊಡ್ಡವರ ಬಾಯಿಗೆ, ನಡುವೆ ಸ್ಪಂಜಿನ ಫಿಲ್ಟರ್. ಕೇಳಿದೊಡನೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ಫಿಲ್ಟರ್ ಹಾಕಿದ್ದರೆ ಸಿಂಬಳ ಅದನ್ನು ದಾಟಿ ಬರುವುದಿಲ್ಲ. ಎಷ್ಟು ಜೋರಾಗಿ ಎಳೆಯಬೇಕೆಂಬುದು ನಿಮ್ಮ ಉಸಿರಿನ ಹತೋಟಿಯಲ್ಲೇ ಇರುತ್ತದೆ, ಸದ್ದಿಲ್ಲ, ಪ್ರತಿ ಭಾಗವನ್ನೂ ಸೋಪು ನೀರಿನಲ್ಲಿ ತೊಳೆಯಬಹುದು. ತುದಿಯನ್ನು ಮೂಗಿನೊಳಗೆ ತೂರಿಸುವುದಲ್ಲ, ಹೊಳ್ಳೆಯ ಅಂಚಿಗೆ ಒತ್ತಿ ಹಿಡಿಯುವುದು. ಫಿಲ್ಟರನ್ನು ಪ್ರತಿ ಸಲ ಬದಲಿಸಬೇಕು, ಹಾಗಾಗಿ ಸಾಧನದ ಬೆಲೆಗಿಂತ ಫಿಲ್ಟರ್ ಸುಲಭವಾಗಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ತೊಳೆದ ಕೊಳವೆಯನ್ನು ಸುರುಳಿ ಸುತ್ತಿ ಡಬ್ಬಿಗೆ ಹಾಕದೆ ನೇತುಹಾಕಿ ಒಣಗಿಸಿ.

ಬ್ಯಾಟರಿಯದಕ್ಕೆ ಬೆಲೆ ಹೆಚ್ಚು. ನೀರಾಗಿ ಸುರಿಯುವ ಸಿಂಬಳವನ್ನು ಚೆನ್ನಾಗಿ ಎಳೆಯುತ್ತದೆ, ಆದರೆ ಅದು ಹೇಗೂ ತಾನೇ ಸುರಿಯುತ್ತಿರುತ್ತದೆ! ಗಟ್ಟಿಯಾದಾಗ, ಅಂದರೆ ನಿಜಕ್ಕೂ ಬೇಕಾದಾಗ, ಸಣ್ಣ ಮೋಟರು ಸೋಲುತ್ತದೆ. ಗುಂಯ್‌ಗುಡುವ ಸದ್ದಿಗೆ ಮಗು ತಲೆ ಕೊಸರುವುದು ಬೇರೆ. ಯಾವ ಬಗೆಯದ್ದಾದರೂ ದಿನಕ್ಕೆ ಮೂರು-ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಪದೇಪದೇ ಎಳೆದರೆ ಒಳಪೊರೆ ಊದಿಕೊಂಡು ಮೂಗು ಇನ್ನಷ್ಟು ಕಟ್ಟುತ್ತದೆ, ಕೆಲವೊಮ್ಮೆ ರಕ್ತವೂ ಬರುತ್ತದೆ. ಇನ್ನು, ಸಿಂಬಳ ಹಸಿರಾಯಿತೆಂದು ಆಂಟಿಬಯಾಟಿಕ್ ಕೇಳಬೇಡಿ. ನೆಗಡಿಯ ನಡುವಿನ ದಿನಗಳಲ್ಲಿ ಬಣ್ಣ ತಿರುಗುವುದು ಸಹಜ.

ಜ್ವರ ಅಳೆಯುವುದು

ಕಂಕುಳಲ್ಲಿ ಇಡುವ ಸಾದಾ ಡಿಜಿಟಲ್ ಕಡ್ಡಿ ಸಾಕು. ಬೆವರು ಒರೆಸಿ, ತುದಿ ಚರ್ಮಕ್ಕೆ ಪೂರ್ತಿ ತಾಗುವಂತೆ ಕಂಕುಳಿನ ಆಳಕ್ಕೆ ಇಟ್ಟು, ತೋಳನ್ನು ಪಕ್ಕಕ್ಕೆ ಒತ್ತಿ ಹಿಡಿಯಿರಿ. ತುದಿಗೂ ಚರ್ಮಕ್ಕೂ ನಡುವೆ ಅಂಗಿಯ ಮಡಿಕೆ ಸಿಕ್ಕಿಕೊಳ್ಳುವುದೇ ತಪ್ಪು ಅಳತೆಗೆ ಮಾಮೂಲಿ ಕಾರಣ. ಕಂಕುಳಿನ ಅಳತೆ ಒಳಮೈ ಬಿಸಿಗಿಂತ ಅರ್ಧ ಡಿಗ್ರಿಯಷ್ಟು ಕಡಿಮೆ ತೋರಿಸಬಹುದು. ಅದಕ್ಕೆಂದು ನೀವೇ ಒಂದು ಡಿಗ್ರಿ ಸೇರಿಸಿ ಹೇಳಬೇಡಿ. ಎಷ್ಟು ಬಂತು, ಎಲ್ಲಿ ಅಳೆದದ್ದು, ಎಷ್ಟು ಗಂಟೆಗೆ ಎಂದು ಬರೆದಿಡಿ, ಡಾಕ್ಟರು ಲೆಕ್ಕ ಹಾಕಿಕೊಳ್ಳುತ್ತಾರೆ.

ಹಣೆಗೆ ಗುರಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಮಲಗಿದ ಮಗುವನ್ನು ಎಬ್ಬಿಸದೆ ನೋಡಲು ಅನುಕೂಲ. ಆದರೆ ಅದು ನೋಡುವುದು ಚರ್ಮವನ್ನು. ಹಣೆಯ ಮೇಲೆ ಬೆವರು, ಒದ್ದೆ ಬಟ್ಟೆಯ ತೇವ, ಫ್ಯಾನಿನ ಗಾಳಿ ಇದ್ದರೆ ಕಡಿಮೆ ತೋರಿಸುತ್ತದೆ. ಬಿಸಿಲಿನಿಂದ ಆಗಷ್ಟೇ ಒಳಬಂದಿದ್ದರೆ ಹೆಚ್ಚು. ಇನ್ನೊಂದು ತಮಾಷೆಯ ಎಡವಟ್ಟಿದೆ. ಕೆಲವು ಮಾದರಿಗಳಲ್ಲಿ ಮೈ ಬಿಸಿ, ವಸ್ತುವಿನ ಬಿಸಿ ಎಂದು ಎರಡು ಮೋಡ್ ಇರುತ್ತವೆ. ಬೆರಳು ತಾಗಿ ಮೋಡ್ ಬದಲಾದರೆ ಸುಡುವ ಹಣೆಗೂ 34 ಡಿಗ್ರಿ ಸೆಲ್ಸಿಯಸ್ ತೋರಿಸಿ ನಿಮ್ಮನ್ನು ನಿರಾಳ ಮಾಡಿಬಿಡುತ್ತದೆ. ಸಂಶಯ ಬಂದರೆ ಕಡ್ಡಿಯಿಂದ ಮತ್ತೆ ಅಳೆಯಿರಿ. ಕಿವಿಯದು 6 ತಿಂಗಳೊಳಗಿನ ಕೂಸಿಗೆ ಹೊಂದುವುದಿಲ್ಲ.

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಔಷಧಿ ಕೊಟ್ಟು ನೋಡೋಣ ಎನ್ನದೆ ನೇರ ಆಸ್ಪತ್ರೆಗೆ ಹೊರಡಿ.

ಸಿರಿಂಜು ಮತ್ತು ಪ್ಯಾರಸಿಟಮಾಲ್

ಸೂಜಿಯಿಲ್ಲದ 5 ಮಿ.ಲೀ. ಬಾಯಿ ಸಿರಿಂಜು ಈ ಡಬ್ಬಿಯಲ್ಲಿ ಅತಿ ಕಡಿಮೆ ಬೆಲೆಯದು, ಅತಿ ದೊಡ್ಡ ತಪ್ಪನ್ನು ತಪ್ಪಿಸುವಂಥದ್ದೂ ಹೌದು. ಅಡುಗೆಮನೆಯ ಚಮಚಗಳು ಒಂದರಂತೆ ಇನ್ನೊಂದಿಲ್ಲ. ಅದಕ್ಕಿಂತ ದೊಡ್ಡ ಗೊಂದಲ ಔಷಧಿಯ ಗಾಢತೆಯದು. ಪ್ಯಾರಸಿಟಮಾಲ್ 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ, 5 ಮಿ.ಲೀ.ಗೆ 250 ಮಿ.ಗ್ರಾಂ, ಹನಿಯ ಬಾಟಲಿಯಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ, ಹೀಗೆ ಬರುತ್ತದೆ. ಸಾಮಾನ್ಯ ಲೆಕ್ಕ ಮಗುವಿನ ತೂಕದ ಕಿಲೋಗೆ 15 ಮಿ.ಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿ.ಗ್ರಾಂ ಎಂದರೆ 125ರ ಸಿರಪ್ಪಿನಲ್ಲಿ 6 ಮಿ.ಲೀ., 250ರದ್ದರಲ್ಲಿ 3 ಮಿ.ಲೀ., ಹನಿಯಲ್ಲಿ ಬರೀ ಒಂದೂವರೆ ಮಿ.ಲೀ. ಡೇಕೇರ್‌ನವರಿಗೆ "6 ಮಿ.ಲೀ. ಕೊಡಿ" ಎಂದು ಹೇಳಿ, ಚೀಲದಲ್ಲಿ ಹನಿಯ ಬಾಟಲಿ ಇಟ್ಟು ಕಳಿಸಿದರೆ ಒಂದೇ ಸಲಕ್ಕೆ ನಾಲ್ಕರಷ್ಟು ಹೊಟ್ಟೆಗೆ ಹೋಗುತ್ತದೆ. ಮನೆಗೊಂದು, ಡೇಕೇರ್‌ಗೊಂದು ಬಾಟಲಿ ಇಡುವುದಾದರೆ ಎರಡೂ ಒಂದೇ ಗಾಢತೆಯದಿರಲಿ; ನಿಮ್ಮ ಡಾಕ್ಟರು ಹೇಳಿದ ಪ್ರಮಾಣವನ್ನು ಮಿ.ಗ್ರಾಂ, ಮಿ.ಲೀ. ಎರಡರಲ್ಲೂ ಬಾಟಲಿಗೇ ಅಂಟಿಸಿ. ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚಿಲ್ಲ. ಸಿರಿಂಜಿನ ತುದಿ ಗಂಟಲ ಕಡೆಗಲ್ಲ, ಕೆನ್ನೆಯ ಒಳಬದಿಗೆ ಇರಲಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಅದೇ ಸಿರಿಂಜು ವಾಂತಿ-ಭೇದಿಯ ದಿನ ಓಆರ್‌ಎಸ್ ಕುಡಿಸಲೂ ಬರುತ್ತದೆ. ವಾಂತಿಯಾದ ಮೇಲೆ 10 ನಿಮಿಷ ಸುಮ್ಮನಿದ್ದು, ಎರಡು ನಿಮಿಷಕ್ಕೊಮ್ಮೆ 5 ಮಿ.ಲೀ. ಹಾಕುತ್ತ ಹೋದರೆ ಗಂಟೆಗೆ 150 ಮಿ.ಲೀ. ಒಳಗೆ ಹೋಗಿರುತ್ತದೆ. ಲೋಟದಲ್ಲಿ ಒಮ್ಮೆಲೇ ಕೊಟ್ಟರೆ ಅಷ್ಟೂ ಹೊರಗೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದ ಗುರುತಾದ 245 ಎಂಬ ಆಸ್ಮೊಲಾರಿಟಿ (ಕರಗಿದ ಉಪ್ಪು-ಸಕ್ಕರೆಯ ಸಾಂದ್ರತೆ) ಸಂಖ್ಯೆ ನೋಡಿ. ಹಣ್ಣಿನ ರುಚಿಯ, ಸಕ್ಕರೆ ತುಂಬಿದ ಸಿದ್ಧ ಪಾನೀಯಗಳು ಇದರ ಜಾಗ ತುಂಬುವುದಿಲ್ಲ, ಭೇದಿಯನ್ನು ಹೆಚ್ಚಿಸಲೂಬಹುದು. 20.5 ಗ್ರಾಂ ಪೊಟ್ಟಣಕ್ಕೆ ಪೂರ್ತಿ 1 ಲೀಟರ್ ನೀರು ಬೇಕು. ಕಣ್ಣಳತೆಯಲ್ಲಿ ಅರ್ಧ ಪುಡಿ ಸುರಿದುಕೊಳ್ಳಬೇಡಿ, ಉಪ್ಪು-ಸಕ್ಕರೆ ಒಂದೇ ಸಮ ಬೀಳುವುದಿಲ್ಲ. ಕಲಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿ.

ಅಂಗಡಿಯಲ್ಲೇ ಬಿಡಬೇಕಾದವು

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಸಿರಪ್ಪುಗಳು: ಸಿಹಿ ನೀರು. ಆ ದುಡ್ಡಿಗೆ ಫ್ಲೂ ಲಸಿಕೆ ಹಾಕಿಸಿ. 6 ತಿಂಗಳಿಂದ ಕೊಡಬಹುದು, ಚಿಕ್ಕ ಮಕ್ಕಳಿಗೆ ಮೊದಲ ಸಲ 4 ವಾರದ ಅಂತರದಲ್ಲಿ ಎರಡು ಡೋಸ್. ನೆಗಡಿ-ಕೆಮ್ಮಿನ ಮಿಶ್ರ ಸಿರಪ್ 4 ವರ್ಷದೊಳಗಿನವರಿಗೆ ಬೇಡ, ಉಪಯೋಗಕ್ಕಿಂತ ಅಪಾಯ ಜಾಸ್ತಿ. ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಅರ್ಧ ಟೀ ಚಮಚ ಜೇನುತುಪ್ಪ ಕೆಮ್ಮಿಗೆ ಅದಕ್ಕಿಂತ ವಾಸಿ. ವರ್ಷದೊಳಗೆ ಜೇನು ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಹುದು, ಮುಟ್ಟಿಸಬೇಡಿ. ಕರ್ಪೂರದ ಮುಲಾಮು 2 ವರ್ಷದವರೆಗೆ ದೂರವಿರಲಿ. ಬಿಸಿ ಹಬೆ ಹಿಡಿಸಲು ಹೋಗಿ ಮೈ ಸುಟ್ಟುಕೊಂಡ ಮಕ್ಕಳಿದ್ದಾರೆ. ನೆಬ್ಯುಲೈಸರ್ ಉಬ್ಬಸಕ್ಕೆಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ, ಬರೀ ನೆಗಡಿಗೆ ಅಲ್ಲ. ತಣ್ಣನೆ ಮಂಜಿನ ಹ್ಯುಮಿಡಿಫೈಯರ್ ಒಣ ಹವೆಯಲ್ಲಿ ಹಿತ ಕೊಡುತ್ತದೆ, ದಿನಾ ನೀರು ಚೆಲ್ಲಿ ತೊಟ್ಟಿ ತೊಳೆಯುವ ವ್ಯವಧಾನ ನಿಮಗಿದ್ದರೆ.

ಡೇಕೇರ್ ಅನ್ನೇ ಪರೀಕ್ಷಿಸುವುದು

ಗೋಡೆಯ ಚಿತ್ತಾರ ಬಿಟ್ಟು ಡಯಾಪರ್ ಬದಲಿಸುವ ಜಾಗ ನೋಡಿ. ಅಲ್ಲೇ ಕೈಯಳತೆಯಲ್ಲಿ ನಲ್ಲಿ, ಸೋಪು ಇವೆಯೇ? ಪ್ರತಿ ಮಗುವಿನ ನಂತರ ನೋಡಿಕೊಳ್ಳುವವರು ಗ್ಲೌಸ್ ತೆಗೆದು ಕೈ ತೊಳೆಯುತ್ತಾರೆಯೇ, ಮಗುವಿನ ಕೈಯನ್ನೂ? ಬಾಗಿಲಲ್ಲಿ ತೂಗುಹಾಕಿದ ಸ್ಯಾನಿಟೈಸರ್ ನೋಡಿ ಮರುಳಾಗಬೇಡಿ. ವಾಂತಿ-ಭೇದಿಯ ನೊರೋವೈರಸ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ, 20 ಸೆಕೆಂಡ್ ಸೋಪಿನಲ್ಲಿ ಉಜ್ಜಿ ತೊಳೆಯಲೇಬೇಕು. ಕೈ-ಕಾಲು-ಬಾಯಿ ಗುಳ್ಳೆ ರೋಗದ ವೈರಸ್ ಮಗು ಗೆಲುವಾದ ಮೇಲೂ ವಾರಗಟ್ಟಲೆ ಮಲದಲ್ಲಿ ಹೋಗುತ್ತಿರುತ್ತದೆ. ಅಲ್ಲೂ ಕೈ ತೊಳೆಯುವುದೇ ದಾರಿ. ವಾಂತಿಯಾದ ಜಾಗವನ್ನು ಮೊದಲು ಒರೆಸಿ, 5% ಬ್ಲೀಚನ್ನು ಲೀಟರ್ ನೀರಿಗೆ 20 ಮಿ.ಲೀ.ನಂತೆ ಅಂದೇ ಬೆರೆಸಿ ಬಳಿದು, ಕೆಲವು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಬಾಯಿಗಿಟ್ಟ ಆಟಿಕೆ ನೇರ ಬುಟ್ಟಿಗೆ ವಾಪಸಾಗುತ್ತದೆಯೋ, ತೊಳೆಯುವ ತೊಟ್ಟಿಗೋ ಎಂದೂ ಗಮನಿಸಿ.

ಔಷಧಿಯಿಲ್ಲದೆ 24 ಗಂಟೆ ಜ್ವರ ಬರಬಾರದು, ವಾಂತಿ-ಭೇದಿ ನಿಂತು 48 ಗಂಟೆ ಆಗಬೇಕು: ಇಂಥ ನಿಯಮ ಬರೆದು ಕೊಡುವ ಜಾಗ ಒಳ್ಳೆಯದು. ಮೂಗು ಸೋರುವ ಪ್ರತಿ ಮಗುವನ್ನೂ ವಾಪಸು ಕಳಿಸುವ ಜಾಗ ಕಟ್ಟುನಿಟ್ಟಾಗಿ ಕಾಣುತ್ತದೆ, ಲಾಭ ಕಡಿಮೆ. ನೆಗಡಿ ಕಣ್ಣಿಗೆ ಕಾಣುವ ಮುಂಚೆಯೇ ಹರಡಲು ಶುರುವಾಗಿರುತ್ತದೆ.

ಬೆಲೆಯಿಲ್ಲದ ಒಂದು ಸಾಧನ

ದೊಡ್ಡವರ ಬೆರಳಿಗೆ ಮಾಡಿದ ಆಕ್ಸಿಮೀಟರ್ ಪುಟ್ಟ ಬೆರಳಿನಲ್ಲಿ ಜಾರಿ ಏನೇನೋ ತೋರಿಸುತ್ತದೆ. ಅದರ ಬದಲು ಫೋನಿನ ಸ್ಟಾಪ್‌ವಾಚ್ ಸಾಕು. ಮಗು ಅಳದೆ ಇರುವಾಗ, ಮಲಗಿದ್ದರೆ ಇನ್ನೂ ಒಳ್ಳೆಯದು, ಅಂಗಿ ಮೇಲೆತ್ತಿ ಹೊಟ್ಟೆ ಏರುವುದನ್ನು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ. ಚಿಕ್ಕ ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ, ಪೂರ್ತಿ 60 ಸೆಕೆಂಡ್ ಬೇಕು. ಎರಡು ತಿಂಗಳೊಳಗೆ 60, 2ರಿಂದ 11 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40, ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರು, ಆ ದಿನವೇ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಕುಸಿಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಹಾಲು ಕುಡಿಯಲೂ ಆಗದಿದ್ದರೆ ಎಣಿಸುತ್ತ ಕೂರದೆ ತಕ್ಷಣ ಹೊರಡಿ. ಹೋಗುವ ದಾರಿಯಲ್ಲಿ ಒಂದು ಚಿಕ್ಕ ವಿಡಿಯೋ ತೆಗೆದಿಟ್ಟುಕೊಂಡರೆ ಡಾಕ್ಟರಿಗೆ ತೋರಿಸಲು ಬರುತ್ತದೆ.